ಎರಡನೇ ಸಲ ಕೇಳದ ಸಾಹೇಬ

ಮೂರನೇ ರೊಟ್ಟಿಯನ್ನು ಸಾಹೇಬನ ತಟ್ಟೆಗೆ ಹಾಕಿಯೇಬಿಟ್ಟೆ. ಅವನು ಎರಡೂ ಅಂಗೈಗಳನ್ನು ತಟ್ಟೆಯ ಮೇಲೆ ಅಡ್ಡ ಹಿಡಿದಿದ್ದ. ಕೈ ಸರಿಸಿ ಹಾಕಿದೆ.

"ಐ ವುಡ್ ರಾದರ್ ನಾಟ್," ಎಂದ.

"ಹಾಕ, ಹಾಕ," ಎಂದಳು ಖಾನಾವಳಿ ನಡೆಸುವ ಅಕ್ಕ. "ನಾಚಾಕತ್ತಾನ ಪಾಪ. ಅಷ್ಟು ದೂರದಿಂದ ಬಂದಾನ, ಹಸಿವಿ ಇರೂದಿಲ್ಲೇನು? ಮ್ಯಾಲೊಂದಿಷ್ಟು ಎಣಗಾಯಿ ಬಡಸು."

ಬಡಿಸಿದೆ. ಅವನು ಬೆವರುತ್ತಾ ಪೂರ್ತಿ ತಿಂದ. ಅಕ್ಕನಿಗೂ ನನಗೂ ಖುಷಿಯಾಯಿತು. ಮರುದಿನ ಸಾಹೇಬ ಹೋಟೆಲಿನ ಕೋಣೆಯಿಂದ ಹೊರಗೆ ಬರಲಿಲ್ಲ. ಹೊಟ್ಟೆ ಕೆಟ್ಟಿತ್ತು.

ಅವನು ಇಂಗ್ಲೆಂಡಿನ ಇಂಜಿನಿಯರ್. ಧಾರವಾಡದ ಆಚೆಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಹೊಸ ಮಷೀನು ಕೂಡಿಸಲು ಬಂದಿದ್ದ. ದಿನಾ ಅವನನ್ನು ಹುಬ್ಬಳ್ಳಿಯ ಹೋಟೆಲಿನಿಂದ ಕರೆದೊಯ್ದು ವಾಪಸ್ ಬಿಡುವುದು ನನ್ನ ಕೆಲಸ. ನಡುವಿನ ಹೊತ್ತಿನಲ್ಲಿ ಅವನು ಕೇಳಿದ ಸ್ಪ್ಯಾನರ್ ಕೊಡುವುದು. ನಾನು ಸಾಲಿ ಅರ್ಧಕ್ಕೆ ಬಿಟ್ಟವನು. ಇಂಗ್ಲಿಷ್ ಕಲಿತದ್ದು ಕಾರು ಓಡಿಸುತ್ತಾ, ಹಿಂದೆ ಕೂತವರ ಮಾತು ಕೇಳಿ. ಅರ್ಥವಾಗುತ್ತದೆ, ಆಡಲು ಬರುವುದು ಕಡಿಮೆ. ಅವನ ಮಾತನ್ನು ಇನ್ನು ಮುಂದೆ ಕನ್ನಡದಲ್ಲೇ ಬರೆಯುತ್ತೇನೆ.

ಕಾರ್ಖಾನೆಯ ಸೂಪರ್‌ವೈಜರ್ ನನ್ನನ್ನು ಕರೆಸಿದರು. ಅವರು ಧಾರವಾಡದ ಹಳೆ ಮನೆತನದವರು, ಅಪ್ಪ ಕಾಲೇಜಿನಲ್ಲಿ ಕಲಿಸಿದವರು. ಬೈದರೂ ಮೆತ್ತಗೆ ಬೈಯುತ್ತಾರೆ.

"ಏನು ತಿನಿಸಿದ್ಯೋ ಮಾರಾಯಾ ಅವಂಗ?"

"ಬರೇ ರೊಟ್ಟಿ ಊಟರಿ."

"ಬ್ಯಾಡ ಅಂದಿದ್ದಿಲ್ಲೇನು?"

"ಬ್ಯಾಡ ಅನ್ಲಿಲ್ರಿ. ತಿನ್ನೂದಾದ್ರ ಬ್ಯಾಡ ಅನಸ್ತಿತ್ತು, ಅಂಥಾದ್ದೇನೋ ಅಂದನ್ರಿ."

"ಅದ ಬ್ಯಾಡ. ಅವರು ಮುಖದ ಮ್ಯಾಲ ಹೊಡದಂಗ ಅನ್ನೂದಿಲ್ಲ. ಹಂಗಾದ್ರ ಹಿಂಗ ಅನಸೀತು ಅಂತಾರ. ನೀ ತಿಳಕೋಬೇಕು."

ಅಂದಿನಿಂದ ಅವನ ಮಾತಿಗೆ ಕಿವಿ ಕೊಡತೊಡಗಿದೆ. ಖರೇ ಇತ್ತು. ಆ ಮನುಷ್ಯ ಯಾವುದನ್ನೂ ನೇರ ಒಲ್ಲೆ ಎನ್ನುತ್ತಿರಲಿಲ್ಲ. ಒಮ್ಮೆ ಮುಂದಿದ್ದ ಲಾರಿಯನ್ನು ದಾಟಲು ನೋಡಿದೆ. ಹಿಂದಿನಿಂದ ಮೆಲ್ಲಗೆ, "ಆ ಲಾರಿಯ ಕೆಳಗೆ ಸಾಯಬೇಕಾಗಿ ಬಂದರೆ ನನಗೆ ಬೇಸರವಾದೀತು," ಎಂದ. ನಾನು ನಕ್ಕೆ. ಕನ್ನಡಿಯಲ್ಲಿ ನೋಡಿದರೆ ಬಾಗಿಲ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಕೂತಿದ್ದ. ನಿಧಾನ ಹೋಗು ಎಂದರೆ ಆಗುತ್ತಿರಲಿಲ್ಲವೇ? ಮಷೀನಿನ ಬೆಲ್ಟ್ ತಪ್ಪು ಕೂಡಿಸಿದಾಗ, "ಇದನ್ನು ಹೀಗೇ ಬಿಡಲು ನನಗೆ ಮನಸ್ಸಾಗಲಿಕ್ಕಿಲ್ಲ," ಎಂದ. ಪೂರ್ತಿ ಬಿಚ್ಚಿ ಮತ್ತೆ ಮಾಡು ಎಂದರ್ಥ. ಎಲ್ಲವೂ ಆಗದೇ ಇರುವ ಸಂಗತಿ. ಹಾಗಾದರೆ ಬೇಸರವಾದೀತು, ಹೀಗಾದರೆ ನೋವಾದೀತು. ನನಗೆ ಮೊದಮೊದಲು ತಲೆ ಕೆಡುತ್ತಿತ್ತು.

ಬೇಕು ಎನ್ನುವುದಕ್ಕೂ ಅದೇ ರೀತಿ. ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದ. "ನಿನ್ನ ರಜೆ ಹಾಳುಮಾಡಬೇಕಾದರೆ ನನಗೆ ಕೆಡುಕೆನಿಸುತ್ತದೆ. ಆದರೆ ಪೇಟೆಗೆ ಹೋಗಬೇಕಿತ್ತು."

ನಾನು ಆಗಲೇ ಅಂಗಿ ಹಾಕಿಕೊಂಡು ಕಾಟಿನ ಮೇಲೆ ಕೂತಿರುತ್ತಿದ್ದೆ. ನನ್ನ ರಜೆಯಲ್ಲಿ ಹಾಳಾಗಲು ಏನೂ ಇರಲಿಲ್ಲ. ಉಣಕಲ್‌ನಲ್ಲಿ ಬಾಡಿಗೆ ಕೋಣೆ, ಒಂದು ಗ್ಯಾಸ್ ಒಲೆ, ಹಗ್ಗದ ಮೇಲೆ ಎರಡು ಪ್ಯಾಂಟು. ಅವ್ವ ತೀರಿಕೊಂಡ ಮೇಲೆ ಆ ಕೋಣೆಯಲ್ಲಿ ಮಾತೇ ನಿಂತಿತ್ತು. ಸಂಜೆ ಚುರುಮುರಿಯ ಗಿರಮಿಟ್ ಕಟ್ಟಿಸಿಕೊಂಡು ಕೆರೆಯ ದಂಡೆಗೆ ಹೋಗಿ ತಿನ್ನುತ್ತಿದ್ದೆ. ಅಲ್ಲಿ ಎಲ್ಲರೂ ಜೋಡಿಯಾಗಿ, ಮಕ್ಕಳ ಜೊತೆ ಬಂದಿರುತ್ತಾರೆ. ನಾನು ಕಾಗದ ಮಡಚಿ ಬುಟ್ಟಿಗೆ ಹಾಕಿ ಎದ್ದು ಬರುತ್ತಿದ್ದೆ.

ಸಾಹೇಬನ ಜೊತೆ ದುರ್ಗದಬೈಲ್ ಪೇಟೆಯಲ್ಲಿ ತಿರುಗುವಾಗ ಮಾತ್ರ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ. ಅವನು ಬಳೆ ಅಂಗಡಿ ನೋಡುವನು, ಪಾತ್ರೆ ಅಂಗಡಿ ನೋಡುವನು, ಏನೂ ಕೊಳ್ಳುವುದಿಲ್ಲ.

"ಏನ್ ಬೇಕಂತೋ ನಿಮ್ಮ ಸಾಹೇಬಗ?" ಎಂದು ಅಂಗಡಿಯವರು ಕೇಳುವರು.

"ಏನೂ ಬ್ಯಾಡಂತ್ರಿ ಕಾಕಾ. ನೋಡ್ತಾರಂತ."

"ನೋಡಾಕ ಇಂಗ್ಲೆಂಡಿನಿಂದ ಬರಬೇಕಾ? ಅಲ್ಲಿ ಕೊಡಾ ಇಲ್ಲೇನು?"

ಅವನಿಗೂ ಹೋಟೆಲಿನಲ್ಲಿ ಒಬ್ಬನೇ ಕೂತು ಸಾಕಾಗಿತ್ತು ಎಂದು ಕಾಣುತ್ತದೆ.

ಮಷೀನು ಓಡತೊಡಗಿತು. ಅವನು ಹೊರಡುವ ಹೊತ್ತು ಬಂತು. ಒಂದು ಬೆಳಿಗ್ಗೆ ಕಾರು ಉಣಕಲ್ ದಾಟುವಾಗ ಮುಂದಿನ ಸೀಟಿನಲ್ಲಿ ಕೂತಿದ್ದ ಅವನು ಹೇಳಿದ: "ಮುಂದೆ ಪುಣೆಯಲ್ಲಿ ದೊಡ್ಡ ಕೆಲಸವಿದೆ. ಒಬ್ಬ ಸಹಾಯಕನನ್ನು ಇಲ್ಲಿಂದಲೇ ಕರೆದೊಯ್ಯಬಹುದು. ನಿನ್ನನ್ನು ನಿನ್ನ ಮನೆಯವರಿಂದ ದೂರ ಮಾಡಬೇಕಾದರೆ ನನಗೆ ಕೆಡುಕೆನಿಸೀತು. ಆದರೆ ನೀನು ಬಂದರೆ ಒಳ್ಳೆಯದಿತ್ತು."

ಮನಸ್ಸು ಆಗಲೇ ಪುಣೆಗೆ ಹೊರಟಿತ್ತು. ಬಾಯಿ ಮಾತ್ರ, "ನೋ ಸರ್, ನೋ ನೋ," ಎಂದಿತು.

ಒಮ್ಮೆ ಕರೆದ ಕೂಡಲೇ ಹೂಂ ಎನ್ನುವವರು ನಮ್ಮಲ್ಲಿ ಯಾರಿದ್ದಾರೆ? ಚಹಾ ಕೊಟ್ಟರೂ "ಈಗ ಆತ್ರಿ" ಎನ್ನುತ್ತೇವೆ, ಆಗಿರುವುದಿಲ್ಲ. ಊಟಕ್ಕೆ ಕರೆದರೆ "ಇರ್ಲಿ ಬಿಡ್ರಿ" ಎನ್ನುತ್ತೇವೆ, ಹೊಟ್ಟೆ ಕೂಗುತ್ತಿರುತ್ತದೆ. ಕರೆದವರು ಕೈ ಹಿಡಿದು ಎಳೆದು ಕೂಡಿಸಬೇಕು. ಆಗ ಅವರು ಮನಸ್ಸಿನಿಂದ ಕರೆದರು ಎಂದು ತಿಳಿಯುತ್ತದೆ. ಅವ್ವ ನನಗೆ ಕಲಿಸಿದ್ದು ಅದೊಂದೇ ಶಿಸ್ತು. ಮೊದಲ ಸಲಕ್ಕೇ ಕೈ ಚಾಚಿದರೆ ಬೆನ್ನ ಮೇಲೆ ಬೀಳುತ್ತಿತ್ತು.

"ಸಹಜ," ಎಂದ ಸಾಹೇಬ. "ನನಗೆ ಅರ್ಥವಾಗುತ್ತದೆ." ರಸ್ತೆಯ ಕಡೆ ನೋಡಿದ.

ನಾನು ಎರಡನೇ ಸಲ ಕೇಳುವುದನ್ನೇ ಕಾಯುತ್ತಾ ಕಾರು ಓಡಿಸಿದೆ. ನವನಗರ ಹೋಯಿತು. ಧಾರವಾಡ ಹೋಯಿತು. ಕಾರ್ಖಾನೆಯ ಗೇಟು ಬಂತು. ಕೇಳಲಿಲ್ಲ. ವಾಪಸ್ ಬರುವಾಗ ನಾನೇ, "ಪುಣೆ ಗುಡ್ ಸಿಟಿ ಸರ್," ಎಂದೆ. "ಹೌದಂತೆ," ಎಂದ. ಮರುದಿನ, "ಪುಣೆ ನಾಟ್ ಫಾರ್," ಎಂದೆ. ಅವನು ದೂರ ಎಷ್ಟೆಂದು ಫೋನಿನಲ್ಲಿ ನೋಡಿ ಹೇಳಿದ. ಅಷ್ಟೇ.

ವಾರ ಕಳೆಯುವುದರೊಳಗೆ ಸೂಪರ್‌ವೈಜರ್ ಹೇಳಿದರು. ಮಷೀನಿನ ಮೇಲೆ ಕೆಲಸ ಮಾಡುವ ಒಬ್ಬ ಹುಡುಗ ಪುಣೆಗೆ ಹೊರಟಿದ್ದಾನೆ. ಕೇಳಿದ ಕೂಡಲೇ ಯೆಸ್ ಅಂದನಂತೆ. ಕಾರ್ಖಾನೆಯಲ್ಲೆಲ್ಲ ಪೇಢಾ ಹಂಚಿದ್ದ, ನನಗೂ ಒಂದು ಕೊಟ್ಟ.

"ನೀನ ಒಲ್ಲೆ ಅಂದೆಂತಲ್ಲೋ?" ಎಂದರು ಸೂಪರ್‌ವೈಜರ್.

"ಒಮ್ಮೆ ಅಂದಿದ್ನಿರಿ. ಅವ ಇನ್ನೊಮ್ಮೆ ಕೇಳಲೇ ಇಲ್ರಿ."

"ಯಾಕ ಕೇಳ್ತಾನೋ? ನೀ ರೊಟ್ಟಿ ಹಾಕಿದಂಗ ಅವರು ಹಾಕೂದಿಲ್ಲ. ಬ್ಯಾಡ ಅಂದವರನ್ನ ಮತ್ತ ಕೇಳಿದ್ರ ಅವರಿಗದು ತ್ರಾಸು ಕೊಟ್ಟಂಗ."

"ನನಗ ಮನ್ಯಾಗ ಯಾರೂ ಇಲ್ರಿ ಸರ್."

"ಅದನ್ನ ಅವಂಗ ಹೇಳಬೇಕಿತ್ತು. ಈಗ ಹೇಳಲೇನು ನಾನು?"

ಬಾಯಲ್ಲಿ ಆ ಹುಡುಗನ ಪೇಢಾ ಇತ್ತು. "ಬ್ಯಾಡ ಬಿಡ್ರಿ," ಎಂದೆ. ಇದು ಖರೇ ಬ್ಯಾಡ.

ಸಾಹೇಬನನ್ನು ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋದೆ. ಹುಡುಗ ರೈಲಿಗೆ ಆಮೇಲೆ ಹೋಗುವವನಿದ್ದ. ಹೊತ್ತಿಗೆ ಮುಂಚೆಯೇ ಮುಟ್ಟಿದೆವು. ಹೊರಗಿನ ಅಂಗಡಿಯಲ್ಲಿ ಸಾಹೇಬ, "ನಿನ್ನನ್ನು ತಡಮಾಡಿಸಬೇಕಾದರೆ ಕೆಡುಕೆನಿಸುತ್ತದೆ. ಚಹಾ ಕುಡಿಯೋಣವೇ?" ಎಂದ.

"ಯೆಸ್," ಎಂದೆ. ಅವನ ಮಾತು ಮುಗಿಯುವ ಮೊದಲೇ ಎಂದೆ.

ನಿಂತು ಕುಡಿದೆವು. "ನಿನ್ನನ್ನು ಮನೆಯವರಿಂದ ಕಿತ್ತುಕೊಂಡು ಹೋಗಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ," ಎಂದ. ನಾನು ತಲೆಯಾಡಿಸಿದೆ. ಇದನ್ನೆಲ್ಲ ಬಿಡಿಸಿ ಹೇಳುವಷ್ಟು ಇಂಗ್ಲಿಷು ನನಗಿರಲಿಲ್ಲ, ಇದ್ದಿದ್ದರೂ ಈಗ ಆ ಹುಡುಗನ ಟಿಕೆಟ್ ಆಗಿತ್ತು.

ಕಪ್ಪು ಖಾಲಿಯಾಯಿತು. ಅವನ ವಿಮಾನಕ್ಕೆ ಇನ್ನೂ ಹೊತ್ತಿತ್ತು.

"ಇನ್ನೊಂದು?" ಎಂದು ಕೇಳಿದ.

"ನೋ ಸರ್, ನೋ ನೋ," ಎಂದೆ. ತಾನಾಗಿಯೇ ಬಂತು.

ಅವನು ಕಪ್ಪು ಕೆಳಗಿಟ್ಟು, ನನ್ನ ಕೈ ಕುಲುಕಿ ಒಳಗೆ ಹೋದ. ನಾನು ಖಾಲಿ ಕಾರು ತೆಗೆದುಕೊಂಡು ಉಣಕಲ್‌ಗೆ ಬಂದೆ. ಆಗಿದ್ದು ಇಷ್ಟು.