ಕಾರಿನೊಳಗೆ ಬ್ಯಾಟರಿ ಇಟ್ಟ ಮೇಸ್ತ್ರಿ

ಮೇಸ್ತ್ರಿಯ ಅಂಗಿಯಲ್ಲಿ ಬಟ್ಟೆಗಿಂತ ತೂತೇ ಜಾಸ್ತಿ. ಮೂವತ್ತು ವರ್ಷ ಬ್ಯಾಟರಿ ಆಸಿಡ್ಡು ಸಿಡಿದು ಸಿಡಿದು ಹೊಟ್ಟೆಯ ಹತ್ತಿರ ಜರಡಿಯಾಗಿತ್ತು. ಹೊಸದೊಂದು ಹೊಲಿಸಬಾರದೇ ಎಂದರೆ, "ಒಸ್ದಾದ್ರೂ ಒಂದ್ ವಾರ್ದಲ್ಲಿ ಗಾಳಿ ಆಡ್ತದೆ ಬುಡಿ" ಅನ್ನುತ್ತಿದ್ದರು.

ಮದ್ದೂರಿನ ಹೆದ್ದಾರಿ ಬದಿಯ ಅವರ ಅಂಗಡಿಯಲ್ಲಿ ಬೈಗುಳ ಪುಕ್ಕಟೆ. ಸ್ಪ್ಯಾನರ್ ಹಿಡಿಯುವ ಮುಂಚೆ ಗಾಡಿಯವರ ಉಂಗುರ, ಕಡಗ ಎಲ್ಲ ಬಿಚ್ಚಿಸುತ್ತಿದ್ದರು. ಬ್ಯಾಟರಿಯ ಟರ್ಮಿನಲ್ಲಿಗೆ ತಗುಲಿದರೆ ಚಿನ್ನ ಬೆರಳಿಗೇ ಬೆಸುಗೆಯಾಗುತ್ತದೆ ಎಂದು. ನಾಲ್ಕು ಉಂಗುರ ಬಿಚ್ಚಲು ಒಪ್ಪದ ಪುಢಾರಿಯೊಬ್ಬನನ್ನು, "ಬೆರ್ಳು ಬ್ಯಾಡ ಅನ್ಸುದ್ ದಿನ ಬಾ" ಎಂದು ಬಾನೆಟ್ಟು ಮುಚ್ಚಿ ಕಳಿಸಿದ್ದರು. ಅಂಥ ಮೇಸ್ತ್ರಿ ಒಮ್ಮೆ ಸೋತರು. ಸೋಲಿಸಿದವನು ನಾನು.

ನಾನು ಮಳವಳ್ಳಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಕೊಂಡು ಊರೆಲ್ಲ ಮೆರೆಯುತ್ತಿದ್ದ ಕಾಲ. ಮುಂಭಾಗದ ಭಾರ ಇಳಿದರೆ ತಿರುವಿನಲ್ಲಿ ಗಾಡಿ ಹೇಳಿದಂತೆ ಕೇಳುತ್ತದೆ ಎಂದು ಎಲ್ಲೋ ಓದಿ, ಬಾನೆಟ್ಟಿನಲ್ಲಿದ್ದ ಬ್ಯಾಟರಿಯನ್ನು ಒಳಗೆ, ಪಕ್ಕದ ಸೀಟಿನ ಹಿಂದಕ್ಕೆ ಹಾಕಿಸಲು ಹೋದೆ. ಮೇಸ್ತ್ರಿ ಒಪ್ಪಿದರು. ಆದರೆ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು, ಕಾರಿನ ತಳಕ್ಕೊಂದು ತೂತು ಕೊರೆದು ಪೈಪು ಹೊರಕ್ಕೆ ಬಿಡಬೇಕು ಎಂದರು. ಅಷ್ಟು ಚೆಂದದ ಕಾರಿಗೆ ತೂತೇ? ಆಗುವುದಿಲ್ಲ ಎಂದೆ.

"ಚಾರ್ಜ್ ಆಗೋವಾಗ ಗ್ಯಾಸ್ ಬತ್ತದೆ ಮೇಸ್ಟ್ರೇ. ಒಳ್ಗೇ ಉಳ್ಕಂಡ್ರೆ ಒಂದ್ ಕಿಡಿ ಸಾಕು."

ಕಾರು ನೋಡಲು ಹತ್ತು ಜನ ನೆರೆದಿದ್ದರು. ಅವರೆದುರು, ನನ್ನಪ್ಪನ ವಯಸ್ಸಿನವರಿಗೆ, "ನಂಗೇ ಕೆಮಿಸ್ಟ್ರಿ ಹೇಳ್ಕೊಡ್ತೀಯೇನಯ್ಯ? ಕೈಲಾಗಲ್ಲ ಅನ್ನು, ಮೈಸೂರಿಗೆ ಹೋಗ್ತೀನಿ" ಎಂದೆ. ಜನ ನಕ್ಕರು. ಮೇಸ್ತ್ರಿ ಪೈಪನ್ನು ಮೂಲೆಗೆಸೆದು, ತೂತಿಲ್ಲದೆ ಕೆಲಸ ಮುಗಿಸಿದರು. ಆ ಗ್ಯಾಸಿಗೆ, ಅಂದರೆ ಜಲಜನಕಕ್ಕೆ, ಬೆಂಕಿ ತಾಗಿದರೆ ಏನಾಗುತ್ತದೆಂದು ವರ್ಷಾವರ್ಷ ಮಕ್ಕಳಿಗೆ ಮಾಡಿ ತೋರಿಸುತ್ತಿದ್ದವನು ನಾನು.

ತಿಂಗಳ ನಂತರ ಮಂಡ್ಯದ ಮದುವೆಯೊಂದಕ್ಕೆ ಹೊರಟಿದ್ದೆ. ಕಾರಿನೊಳಗೆ ಕೊಳೆತ ಮೊಟ್ಟೆಯ ವಾಸನೆ. ಮೇಸ್ತ್ರಿಯ ಅಂಗಡಿ ಮುಂದೆ ನಿಲ್ಲಿಸಿದೆ. ಅವರು ಬಾಗಿಲು ತೆಗೆದು, ಪೆಟ್ಟಿಗೆಯ ಮುಚ್ಚಳ ಎತ್ತಿ, ಗಾಳಿಯಾಡಲಿ, ಕೀ ಮಾತ್ರ ಮುಟ್ಟಬೇಡಿ ಎಂದು ಹೇಳಿ ಒಳಗೆ ಬಗ್ಗಿ ನೋಡುತ್ತಿದ್ದರು. ಮುಹೂರ್ತ ಮೀರುತ್ತಿತ್ತು. ಗಾಡಿಗೆ ಏನೂ ಆಗಿಲ್ಲ ಎಂದು ತೋರಿಸಲು ಸ್ಟೀರಿಂಗ್ ಕಡೆಯ ಬಾಗಿಲಿಂದ ಕೈ ಹಾಕಿ ಕೀ ತಿರುಗಿಸಿದೆ. ಸಡಿಲಾಗಿದ್ದ ತಂತಿ ಕಿಡಿ ಕಾರಿತು, ಬ್ಯಾಟರಿ ಸಿಡಿಯಿತು. ಆಸಿಡ್ಡೆಲ್ಲ ಅವರ ಮುಖಕ್ಕೆ. ಮದುವೆಗೆಂದು ಹಾಕಿಕೊಂಡಿದ್ದ ನನ್ನ ಅಂಗಿಯ ತೋಳಿಗೆ ಮೂರು ತೂತು ಬಿದ್ದವು.

ಬಕೆಟ್ಟುಗಟ್ಟಲೆ ನೀರು ಸುರಿದು, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಏನಾಯಿತು ಎಂದು ಅವರ ಹೆಂಡತಿ ಕೇಳಿದಾಗ, ಬ್ಯಾಟರಿ ತಾನೇ ಸಿಡಿಯಿತು, ಜೋಡಿಸುವಾಗ ಮೇಸ್ತ್ರಿ ಏನೋ ತಪ್ಪಿರಬೇಕು ಎಂದೆ. ಅಂಥ ಹೇಡಿ ನಾನು. ಪಕ್ಕದಲ್ಲೇ ಮಲಗಿದ್ದವರು ಎಲ್ಲ ಕೇಳಿಸಿಕೊಂಡರು. ಎರಡು ಕಣ್ಣೂ ಹೋದವು. ಒಂದು ಪೈಪು ಹಾಕಲು ಬಾರದೆ ಕಣ್ಣು ಕಳಕೊಂಡ ಎಂದು ಮದ್ದೂರು ಆಡಿಕೊಂಡಿತು.

ವರ್ಷದ ಮೇಲೆ ತಡೆಯಲಾರದೆ ಅವರ ಮನೆಗೆ ಹೋದೆ. ಹೆಂಡತಿ ಕಾಫಿ ಕಾಸಲು ಒಳಗೆ ಹೋದಾಗ, ನಿಜವನ್ನು ಎಲ್ಲರಿಗೂ ಹೇಳಿಬಿಡುತ್ತೇನೆ ಎಂದೆ. ಮೇಸ್ತ್ರಿ ನನ್ನ ದನಿಯತ್ತ ಮುಖ ತಿರುಗಿಸಿದರು.

"ಕೀ ಸದ್ದು ನಂಗೂ ಕೇಳುಸ್ತು. ಯಾರ್ಗೂ ಯೋಳ್ಬ್ಯಾಡಿ ಮೇಸ್ಟ್ರೇ. ಯೋಳುದ್ರೆ ನಿಮ್ಗೆ ಅಗುರಾಗೋಯ್ತದೆ. ಆಗ್ಬಾರ್ದು."

ಮೊದಲು ಅದನ್ನು ದೊಡ್ಡತನ ಎಂದುಕೊಂಡೆ. ಮಳವಳ್ಳಿ ತಲುಪುವ ಹೊತ್ತಿಗೆ ಅರ್ಥವಾಗಿತ್ತು, ಹಗುರಾಗಬಾರದು ಎಂದದ್ದು ನನ್ನ ಮಾನವಲ್ಲ, ಎದೆಯ ಭಾರ. ಆಮೇಲೆ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಯೋಗಕ್ಷೇಮ ಮುಗಿದ ಮೇಲೆ, "ಯೋಳಿಲ್ಲ ತಾನೆ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಇಲ್ಲ ಎಂದರೆ ಸಮಾಧಾನದಿಂದ ತಲೆಯಾಡಿಸುತ್ತಿದ್ದರು.

ಕಳೆದ ವರ್ಷ ಸಕ್ಕರೆ ಕಾಯಿಲೆ ಹೆಚ್ಚಾಗಿ ತೀರಿಕೊಂಡರು. ತಿಥಿ ಊಟಕ್ಕೆ ಅವರ ಹೆಂಡತಿ ನನ್ನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿದರು. "ಅವತ್ತು ಆಸ್ಪತ್ರೆಗೆ ಒತ್ಕಂಡೋಗಿ ಜೀವ ಉಳ್ಸುದ್ ಪುಣ್ಯಾತ್ಮ ಇವ್ರೇ ಕಣವ್ವ" ಎಂದು ನೆಂಟರಿಗೆಲ್ಲ ತೋರಿಸಿ, ನನ್ನ ಎಲೆಗೆ ಇನ್ನೊಂದು ಮುದ್ದೆ ಇಟ್ಟರು. ನಾನು ಬಾಯಿ ತೆರೆದೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದೆ.