ಮೀಸಲು ನೀರಿನ ಕೊಡ

ನನ್ನ ಎಲುಬುಗಳು ಟೊಳ್ಳಾಗಿವೆ, ಭಾರ ಎತ್ತಬಾರದು ಎಂದು ಹಡಗಲಿಯ ಡಾಕ್ಟರು ಸೊಸೆಯ ಎದುರಿಗೇ ಹೇಳಿದ್ದರು. ಆದರೂ ಮಂಗಳವಾರ ದೇವರಿಗೆ ಮೀಸಲು ನೀರು ತರಲು ನಾನೇ ಹೊರಟೆ. ಮನೆಯ ಹಿರಿಯ ಹೆಂಗಸೇ ಅದನ್ನು ತಲೆಯ ಮೇಲೆ ಹೊತ್ತು ತರುವುದು ನಮ್ಮಲ್ಲಿ ರೂಢಿ.

"ಅತ್ತಿ, ಕೊಡ್ರಿ ಇಲ್ಲಿ, ನಾ ತರ್ತೀನಿ," ಎಂದಳು ಸೊಸೆ.

"ನಾ ಇನ್ನೂ ಸತ್ತಿಲ್ಲ, ಬಿಡು," ಎಂದೆ.

ಕೊಡ ಎತ್ತುವಾಗಲೇ ಬೆನ್ನೆಲುಬು ಬಿರುಕು ಬಿಟ್ಟಿತು. ಮಗ ಬಂದವನೇ ಹೆಂಡತಿಯನ್ನು ಬೈದ: "ಮುದುಕಿ ಕೈಲಿ ನೀರು ಹೊರಸ್ತೀಯೇನ್ಲೇ?" ನಾನು ನರಳುತ್ತ ಸುಮ್ಮನಿದ್ದೆ. ಅವಳೂ ಬಾಯಿ ಬಿಡಲಿಲ್ಲ.

ಈಗ ಅವಳೇ ನನ್ನನ್ನು ಎಳೆಬಿಸಿಲಿಗೆ ಕೂರಿಸುತ್ತಾಳೆ. ರಾಗಿ ಅಂಬಲಿ, ನುಗ್ಗೆಸೊಪ್ಪಿನ ಪಲ್ಯ ಕೊಟ್ಟು ಗುಳಿಗೆ ನುಂಗಿಸುತ್ತಾಳೆ, ರಟ್ಟೆ ಹಿಡಿದು ಅಂಗಳದಲ್ಲಿ ನಡೆಸುತ್ತಾಳೆ. ಅವಳ ಮುಖ ನೋಡಲಾಗದೆ ನಾನು ನೆಲ ನೋಡುತ್ತ ನಡೆಯುತ್ತೇನೆ.

ಮೊನ್ನೆ ಮಂಗಳವಾರ ಅವಳು ಕೊಡ ಹಿಡಿದು ಬಾಗಿಲಲ್ಲಿ ನಿಂತಳು. "ಅತ್ತಿ, ನಾ ತಂದ್ರ ದೇವರಿಗೆ ನಡೀತೈತೇನ್ರಿ?"

"ನಡೀತೈತಿ. ಅವತ್ತೂ ನಡೀತಿತ್ತು. ಬ್ಯಾಡ ಅಂದಾಕಿ ನಾನು, ದೇವರಲ್ಲ. ನಿನ್ನ ಗಂಡನ್ನ ಕರಿ, ಅವನಿಗೂ ಇದನ್ನ ಹೇಳ್ತೀನಿ."