ಕೊಬ್ಬರಿ ಮನೆಯ ವಿಮಾನ

ನನ್ನ ಗಂಡನ ವಿಮಾನ ಕಡೂರು ಸ್ಟೇಷನ್ನಿಗೆ ಬಂದಿಳಿದದ್ದು ಮರದ ಪೆಟ್ಟಿಗೆಗಳಲ್ಲಿ. ಒಂದು ಪೆಟ್ಟಿಗೆಯಂತೂ ನಮ್ಮ ಎತ್ತಿನ ಗಾಡಿಗಿಂತ ಉದ್ದವಾಗಿತ್ತು. ಅದನ್ನು ಅಂಗಳಕ್ಕೆ ಇಳಿಸುವಾಗ ನಮ್ಮತ್ತೆ ಬಾಗಿಲಿಗೆ ಬಂದು, ಮಗ ಕಬ್ಬಿಣದ ಮಂಚ ತರಿಸಿದ್ದಾನೆಂದು ತಿಳಿದು ಸಂತೋಷಪಟ್ಟರು. ಮಂಚವಲ್ಲ, ಬಿಡಿಬಿಡಿಯಾಗಿ ಬಂದ ವಿಮಾನ, ಅದನ್ನು ಮನೆಯಲ್ಲೇ ಜೋಡಿಸಿ ಹಾರಿಸಬೇಕು ಎಂದು ಗೊತ್ತಾದಾಗ ಅವರು ಕೇಳಿದ್ದು ಒಂದೇ ಮಾತು: "ವಾಪಸ್ ಕಳ್ಸಕ್ಕಾಗಲ್ವೇನೋ?"

ಆ ಮನೆಯಲ್ಲಿ ಬುದ್ಧಿಯಿದ್ದದ್ದು ಅವರೊಬ್ಬರಿಗೇ ಎಂದು ನನಗೆ ಆಗಲೇ ಅನ್ನಿಸಿತ್ತು.

ನನ್ನ ಗಂಡ ಬೆಂಗಳೂರಿಗೆ ಎಂಜಿನಿಯರಿಂಗ್ ಓದಲು ಹೋಗಿ, ನಮ್ಮ ಮಾವ ತೀರಿಕೊಂಡದ್ದರಿಂದ ಅರ್ಧಕ್ಕೆ ಬಿಟ್ಟು ಬಂದವರು. ಮಾವ ತೀರಿಕೊಳ್ಳದಿದ್ದರೂ ಅರ್ಧಕ್ಕೇ ಬಿಡುತ್ತಿದ್ದರು ಎಂಬುದು ನನ್ನ ನಂಬಿಕೆ. ಏಕೆಂದರೆ ಅವರು ಮುಗಿಸಿದ ಕೆಲಸವೊಂದನ್ನು ನಾನು ನೋಡಿಲ್ಲ. ಬಾವಿಗೆ ಗಾಳಿಯಂತ್ರ ಹಾಕಿಸುತ್ತೇನೆಂದು ಹೊರಟು ಕಂಬ ನೆಟ್ಟರು, ಕಂಬದ ಮೇಲೆ ಕಾಗೆ ಕೂತವು. ಕೋಳಿಯಿಲ್ಲದೆ ಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆ ಮಾಡಿದರು, ಮೊಟ್ಟೆಗಳು ಬೆಂದವು. ಇಷ್ಟಾದರೂ ಊರಿನಲ್ಲಿ ಅವರಿಗೆ ಬುದ್ಧಿವಂತರೆಂಬ ಹೆಸರಿತ್ತು. ಇಂಗ್ಲಿಷ್ ಪತ್ರಿಕೆ ತರಿಸಿ ಜಗಲಿಯ ಮೇಲೆ ಕೂತು ಓದುವವನಿಗೆ ಆ ಹೆಸರು ಬರಲು ಮೊಟ್ಟೆ ಮರಿಯಾಗಲೇಬೇಕೆಂದೇನೂ ಇಲ್ಲ.

ವಿಮಾನ ಸಿಕ್ಕಿದ್ದೂ ಅಂಥ ಒಂದು ಪತ್ರಿಕೆಯಲ್ಲೇ. ಮೋಟಾರು ಸೈಕಲ್ ಓಡಿಸಬಲ್ಲ ಯಾರಾದರೂ ಇದನ್ನು ಕಟ್ಟಬಹುದು, ಕಟ್ಟಿದವರು ಯಾರಾದರೂ ಹಾರಿಸಬಹುದು ಎಂದು ಅದರಲ್ಲಿ ಬರೆದಿತ್ತಂತೆ. ನನ್ನ ಗಂಡನಿಗೆ ಮೋಟಾರು ಸೈಕಲ್ ಓಡಿಸಲು ಬರುತ್ತಿರಲಿಲ್ಲ. ಆ ಮಾತನ್ನು ನಾನು ಎತ್ತಿದಾಗ, "ನಿಂಗೇನ್ ತಿಳೀತದೆ ಕಣೇ, ಇದು ಸೈನ್ಸು" ಎಂದರು.

ತೋಟದ ಅಂಚಿನಲ್ಲಿ ನಮ್ಮ ಕೊಬ್ಬರಿ ಮನೆಯಿತ್ತು. ಕೊಬ್ಬರಿಯನ್ನೆಲ್ಲ ಅಟ್ಟಕ್ಕೆ ಸಾಗಿಸಿ ಅದನ್ನು ಖಾಲಿ ಮಾಡಿಸಿದರು. ಅದಕ್ಕೆ ವರ್ಕ್‌ಶಾಪ್ ಎಂಬ ಹೆಸರು ಬಂತು. ತೆಳು ತೆಳುವಾದ ಮರದ ಪಟ್ಟಿಗಳನ್ನು ಹಲಗೆಯ ಮೇಲೆ ನಕ್ಷೆ ನೋಡಿ ಬಾಗಿಸಿ, ಅಂಟು ಹಾಕಿ, ಸಣ್ಣ ಹಿತ್ತಾಳೆ ಮೊಳೆ ಹೊಡೆದು ರೆಕ್ಕೆಯ ಪಕ್ಕೆಲುಬುಗಳನ್ನು ಮಾಡಬೇಕಾಗಿತ್ತು. ಅದನ್ನು ಅವರು ಚೆನ್ನಾಗಿಯೇ ಮಾಡಿದರು, ಸುಳ್ಳು ಹೇಳಬಾರದು. ಒಂದೊಂದು ಪಕ್ಕೆಲುಬನ್ನೂ ಬೆಳಕಿಗೆ ಹಿಡಿದು ನೋಡಿ, ಕೂದಲೆಳೆಯಷ್ಟು ಓರೆಯಿದ್ದರೂ ಮುರಿದು ಮತ್ತೆ ಮಾಡುವರು. ಅಷ್ಟು ಗಮನವಿಟ್ಟು ಅವರು ನನ್ನ ಮುಖವನ್ನು ಒಂದು ದಿನವೂ ನೋಡಿರಲಿಲ್ಲ.

ಮರದ ಕೆಲಸ ಮುಗಿದ ಮೇಲೆ ಬಟ್ಟೆಯ ಕೆಲಸ ಬಂತು, ಅದು ನನ್ನ ಪಾಲಿಗೆ ಬಿತ್ತು. ಸೈನ್ಸು ಹೊಲಿಗೆಯ ತನಕ ಬಂದರೆ ಹೆಂಗಸರ ಕೆಲಸವಾಗಿಬಿಡುತ್ತದೆ. ವಿಲಾಯತಿಯಿಂದ ಬಂದ ನಾರುಬಟ್ಟೆಯನ್ನು ರೆಕ್ಕೆಗೆ ಹೊದಿಸಿ, ಬಾಗಿದ ಸೂಜಿಯಿಂದ ಪ್ರತಿ ಪಕ್ಕೆಲುಬಿಗೂ ಬಿಗಿದು ಹೊಲಿಯಬೇಕು. ಅವರು ಪಕ್ಕದಲ್ಲಿ ನಿಂತು ಪುಸ್ತಕ ಓದುವರು, ನಾನು ಹೊಲಿಯುವೆ. "ಗಂಟು ಒಳಗಡೆಗೆ ಬರ್ಬೇಕು ಕಣೇ." "ಬಂದದೆ." "ಇನ್ನೂ ಬಿಗಿ." ಬೆರಳು ಸೀಳಿ ರಕ್ತ ಬಂದಾಗ ಅವರು ಬಟ್ಟೆಗೆ ಕಲೆಯಾಯಿತೇ ಎಂದು ನೋಡಿದರು. ಹೊಲಿಗೆಯ ಮೇಲೆ ಒಂದು ಬಗೆಯ ಮೆರುಗೆಣ್ಣೆ ಬಳಿದರು. ಕೊಳೆತ ಬಾಳೆಹಣ್ಣಿನಂಥ ವಾಸನೆ ತೋಟದ ತುಂಬ ಹಬ್ಬಿ, ವಾರಗಟ್ಟಲೆ ನಮ್ಮ ಅನ್ನದಲ್ಲೂ ಅದೇ ವಾಸನೆ. ಒಣಗಿದ ಮೇಲೆ ಬಟ್ಟೆ ತಮಟೆಯಂತೆ ಬಿಗಿದುಕೊಂಡಿತು. ಬೆರಳಿನಿಂದ ಬಡಿದರೆ ಢಂ ಎನ್ನುತ್ತಿತ್ತು. ಆ ಸದ್ದು ಕೇಳಿದ ದಿನ ನನಗೂ ಒಳಗೊಳಗೇ ಹೆಮ್ಮೆಯಾಯಿತು. ಅದನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ.

ವಿಮಾನ ನೋಡಲು ಬಂದವರ ಕತೆ ಬೇರೆ. ತರೀಕೆರೆ, ಬೀರೂರು, ದೇವನೂರಿನಿಂದೆಲ್ಲ ಬಂದರು. ಬಂದವರೆಲ್ಲ ರೆಕ್ಕೆಯನ್ನು ಬಡಿದು ನೋಡಿ, ತಲೆಯಾಡಿಸಿ, ಒಂದೊಂದು ಸಲಹೆ ಕೊಟ್ಟು, ಕಾಫಿ ಕುಡಿದು ಹೋದರು. ಅವರಲ್ಲಿ ಎದ್ದು ಕಾಣುತ್ತಿದ್ದವರು ನಿವೃತ್ತರಾದ ಒಬ್ಬ ಅಮಲ್ದಾರರು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಜರಿಪೇಟ ಬಿಟ್ಟಿರಲಿಲ್ಲ. ಎಲ್ಲಿ ನಾಲ್ಕು ಜನ ಸೇರಿದರೂ ಅವರೇ ಅಧ್ಯಕ್ಷರು. ವಿಮಾನವನ್ನು ಸುತ್ತು ಹಾಕಿ ನೋಡಿದ ಅವರು, "ಇದು ನಿಮ್ಮದಲ್ಲ ಕಣ್ರೀ ಇನ್ನು, ಸಂಸ್ಥಾನದ್ದು. ಮಹಾರಾಜರ ವರ್ಧಂತಿ ದಿನ ಹಾರಿಸಿಬಿಡೋಣ" ಎಂದರು. ಹಾರಿಸೋಣ ಎಂದರಲ್ಲ, ಅವರು ಏನು ಹಾರಿಸುವವರು? ಪೇಟವನ್ನೇ?

ವಿಚಿತ್ರವೆಂದರೆ, ಸಂಕ್ರಾಂತಿ ಕಳೆದ ಮೇಲೆ ನನ್ನ ಗಂಡನ ಕೆಲಸ ನಿಧಾನವಾಯಿತು. ಎಂಜಿನ್ ಕೂರಿಸಿ ಆಗಿತ್ತು. ದೇವನೂರಿನ ಹತ್ತಿರದ ನಮ್ಮ ಹೊಲದಲ್ಲಿ ನೆಲದ ಮೇಲೆ ಓಡಿಸಿಯೂ ಆಗಿತ್ತು. ರಾಗಿ ಕೊಯ್ದ ಕೂಳೆಯ ಮೇಲೆ ಅದು ಹುಚ್ಚು ಹಿಡಿದ ಹೋರಿಯಂತೆ ಕುಣಿದು ಬೇಲಿಗೆ ಮೂಗು ತೂರಿಸಿ ನಿಂತಿತ್ತು. ಅದಾದ ಮೇಲೆ ಅವರು ಸುಮ್ಮನೆ ಕೊಬ್ಬರಿ ಮನೆಗೆ ಹೋಗುವರು, ಉಜ್ಜಿದ್ದನ್ನೇ ಉಜ್ಜುವರು, ಬಿಗಿದ ತಿರುಪನ್ನು ಬಿಚ್ಚಿ ಬಿಗಿಯುವರು. ಇದೂ ಗಾಳಿಯಂತ್ರದ ಹಾದಿ ಹಿಡಿಯಿತು ಎಂದುಕೊಂಡೆ. ಅತ್ತೆಯ ಹತ್ತಿರ, "ನಿಮ್ಮ ಮಗನಿಗೆ ಬ್ಯಾಸರ ಬಂತು, ಇನ್ನು ಕೊಬ್ಬರಿ ಇಳಿಸ್ಬೋದು" ಎಂದೂ ಹೇಳಿದೆ.

ಆದರೆ ಬೇಸರಪಡಲು ನಿವೃತ್ತ ಅಮಲ್ದಾರರು ಬಿಡಲಿಲ್ಲ. ನನ್ನ ತವರು ಅಜ್ಜಂಪುರ. ಅಲ್ಲಿ ಊರಾಚೆ ದನಗಳು ಮೇಯುವ ವಿಶಾಲವಾದ ಹುಲ್ಲುಗಾವಲಿದೆ, ಕಾವಲು ಎನ್ನುತ್ತೇವೆ. ಹಾರಿಸಲು ಅಷ್ಟು ಸಮನಾದ ನೆಲ ಬೇರೆಲ್ಲೂ ಇರಲಿಲ್ಲ. ಅಮಲ್ದಾರರೇ ಹೋಗಿ ಜಾಗ ಗೊತ್ತು ಮಾಡಿದರು, ಓಲಗದವರಿಗೆ ಹೇಳಿದರು, ಚಪ್ಪರ ಹಾಕಿಸಿದರು. ರೆಕ್ಕೆಗಳನ್ನು ಬಿಚ್ಚಿ, ಹುಲ್ಲು ಹಾಸಿ ಗಾಡಿಗಳಿಗೆ ಕಟ್ಟಿ, ಬೀರೂರಿನ ಮೇಲೆ ಅಜ್ಜಂಪುರಕ್ಕೆ ಸಾಗಿಸಿದರು. ನಾನು ರೈಲಿನಲ್ಲಿ ಹೋದೆ. ನನ್ನ ಅಣ್ಣನ ಮನೆಯಲ್ಲಿ ಎಲ್ಲರೂ ಇಳಿದುಕೊಂಡರು.

ವರ್ಧಂತಿಯ ಹಿಂದಿನ ದಿನ ಸಂಜೆ ಅಲ್ಲಿಗೆ ನನ್ನ ಗಂಡನ ಗೆಳೆಯರೊಬ್ಬರು ಬಂದರು. ಬೆಂಗಳೂರಿನಲ್ಲಿ ಜೊತೆಗೆ ಓದಿದವರು, ಕೆಮ್ಮಣ್ಣುಗುಂಡಿಯ ಗಣಿಯಲ್ಲಿ ಓವರ್‌ಸಿಯರ್ ಆಗಿ ತರೀಕೆರೆಯಲ್ಲಿ ಮನೆ ಮಾಡಿಕೊಂಡಿದ್ದವರು. ನನ್ನ ಗಂಡ ಇನ್ನೂ ಕಾವಲಿನಲ್ಲಿದ್ದರು. ನಾನು ಹಾಲಿನ ಲೋಟ ಇಟ್ಟಾಗ ಅವರು ಅದನ್ನು ಮುಟ್ಟದೆ, ಅತ್ತಿತ್ತ ನೋಡಿ ಹೇಳಿದರು:

"ಅತ್ತಿಗೆ, ನಾಳೆ ಅದನ್ನ ಹತ್ತಬೇಡ ಅಂತ ಅವನಿಗೆ ನೀವಾದ್ರೂ ಹೇಳ್ರಿ."

"ಯಾಕೆ?"

"ಅದೇ ಮಾದರಿ ವಿಮಾನ ಅದನ್ನ ಮಾಡ್ದೋರ ದೇಶದಲ್ಲೇ ಬೀಳ್ತಾ ಅವೆ. ಹಾರಿಸ್ದೋರು ಸತ್ತಿದಾರೆ. ಮೂಗು ಒಂದ್ಸಲ ಕೆಳಕ್ಕೆ ಹೋಯ್ತು ಅಂದ್ರೆ ಮೇಲಕ್ಕೆ ಬರಲ್ಲ. ಮೇಲೆತ್ತೋ ಹಿಡಿ ಎಳೆದಷ್ಟೂ ಇನ್ನೂ ಕೆಳಕ್ಕೇ ಹೋಗ್ತದೆ."

"ಇದನ್ನ ಅವರಿಗೆ ಹೇಳಿಲ್ವಾ ನೀವು?"

"ಹೇಳ್ದೆ ಏನು, ಪೇಪರನ್ನೇ ಕೊಟ್ಟಿದೀನಿ. ಸಂಕ್ರಾಂತಿ ಹೊತ್ತಿಗೇ ಓದಿದಾನೆ."

"ಹಂಗಾದ್ರೆ ನಾಳೆ ಎಲ್ಲರ ಮುಂದೆ ಹೇಳ್ರಿ. ಅಮಲ್ದಾರ್ರಿಗೆ ಹೇಳ್ರಿ."

ಅವರು ಲೋಟ ಎತ್ತಿಕೊಂಡರು. "ನಾನ್ ಹೆಂಗೆ ಹೇಳಲಿ ಅತ್ತಿಗೆ, ಅಷ್ಟು ದೊಡ್ಡೋರ ಮುಂದೆ" ಎಂದು ಹಾಲು ಕುಡಿದರು. ಪೂರ್ತಿ ಕುಡಿದರು. ಓದಿದ ಗಂಡಸು ಗೆಳೆಯನ ಜೀವಕ್ಕೆ ಮಾಡಬಹುದಾದದ್ದು ಇಷ್ಟೇ ನೋಡಿ, ಅಡಿಗೆಮನೆಯ ಬಾಗಿಲಲ್ಲಿ ಅವನ ಹೆಂಡತಿಯ ಕಿವಿಗೆ ಹಾಕಿ ಹೋಗುವುದು.

ಮರುದಿನ ಬೆಳಿಗ್ಗೆ ಕಾವಲಿನ ತುಂಬ ಜನ. ಬೋಂಡ ಕರಿಯುವವನೂ ಬಂದಿದ್ದ. ರೆಕ್ಕೆ ಕೂರಿಸಿದ ವಿಮಾನಕ್ಕೆ ಸೇವಂತಿಗೆ ಹಾರ ಹಾಕಿ, ಮೂತಿಗೆ ವಿಭೂತಿ ಬಳಿದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದರು. ನಿವೃತ್ತ ಅಮಲ್ದಾರರು ಭಾಷಣಕ್ಕೆ ನಿಂತರು. ಪುಷ್ಪಕ ವಿಮಾನದಿಂದ ಶುರು ಮಾಡಿದರು. ಗಾಡಿಯ ಎತ್ತುಗಳು ನಿಂತು ನಿಂತು ಸಾಕಾಗಿ ಮಲಗಿದರೂ ಅವರಿನ್ನೂ ತ್ರೇತಾಯುಗದಲ್ಲೇ ಇದ್ದರು.

ನನ್ನ ಗಂಡ ವಿಮಾನದ ಹಿಂದೆ ಒಬ್ಬರೇ ನಿಂತು ಚರ್ಮದ ಟೋಪಿಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಎಷ್ಟು ಸಲ ತೂರಿಸಿದರೂ ಪಟ್ಟಿ ಕೊಂಡಿಗೆ ಹೋಗುತ್ತಿರಲಿಲ್ಲ. ನಾನು ಹತ್ತಿರ ಹೋದೆ.

"ಇವತ್ತು ಬ್ಯಾಡ. ಜ್ವರ ಅಂತ ಹೇಳಿಬಿಡಿ."

"ಸುಮ್ನೆ ಹೋಗೇ. ಜನ ನೋಡ್ತಾರೆ."

"ನಂಗೆಲ್ಲಾ ಗೊತ್ತದೆ."

ಅವರು ನನ್ನ ಮುಖ ನೋಡಿದರು. ಆ ಪಕ್ಕೆಲುಬುಗಳನ್ನು ನೋಡುತ್ತಿದ್ದರಲ್ಲ, ಹಾಗೆ ನೋಡಿದರು. ಹಣೆಯಿಂದ ಬೆವರು ಇಳಿದು ವಿಭೂತಿ ಕರಗಿತ್ತು. ಆದರೂ ಬಾಯಿಂದ ಬಂದ ಮಾತು, "ಹೋಗು ಅಂದ್ನಲ್ಲ" ಎಂದೇ. ಚಪ್ಪಾಳೆ ಕೇಳಿಸಿತು, ಭಾಷಣ ಮುಗಿದಿತ್ತು. ಓಲಗ ಶುರುವಾಯಿತು. ಅವರು ಕಾಲೆತ್ತಿ ಒಳಗಿಡಲು ಹೊರಟರು.

ಅಣ್ಣನ ಗಾಡಿಯಲ್ಲಿ ಎತ್ತಿಗೆ ಹುಲ್ಲು ಕೊಯ್ಯುವ ಕುಡುಗೋಲಿತ್ತು. ಹೋಗಿ ತಂದೆ. ನನಗೆ ಅವಸರವೇನೂ ಇರಲಿಲ್ಲ, ಏಕೆಂದರೆ ಹೆಂಗಸೊಬ್ಬಳು ಕುಡುಗೋಲು ಹಿಡಿದು ನಡೆದರೆ ಹುಲ್ಲಿಗೆ ಹೋಗುತ್ತಿದ್ದಾಳೆಂದೇ ಎಲ್ಲರೂ ತಿಳಿಯುತ್ತಾರೆ, ದಾರಿಯನ್ನೂ ಬಿಡುತ್ತಾರೆ. ರೆಕ್ಕೆಯ ಹತ್ತಿರ ನಿಂತು, ಕುಡುಗೋಲಿನ ತುದಿಯನ್ನು ಬಟ್ಟೆಗೆ ಚುಚ್ಚಿ ಎಳೆದೆ. ಅಷ್ಟು ಬಿಗಿದ ಬಟ್ಟೆಗೆ ಒಂದು ತೂತು ಸಾಕು. ಗುಂಡು ಹಾರಿದಂಥ ಸದ್ದು ಮಾಡಿ ಉದ್ದಕ್ಕೂ ಸೀಳಿತು. ಎರಡನೆಯ ಸಲ ಎಳೆದೆ. ಮೂರನೆಯದಕ್ಕೆ ಅಣ್ಣ ಓಡಿ ಬಂದು ನನ್ನ ಕೈ ಹಿಡಿದ. ಅಷ್ಟರಲ್ಲಿ ಮರದ ಪಕ್ಕೆಲುಬುಗಳು ಹೊರಗೆ ಕಾಣುತ್ತಿದ್ದವು.

ಓಲಗ ನಿಂತಿತು. ಆಮೇಲೆ ಎಲ್ಲರೂ ಒಟ್ಟಿಗೆ ಕೂಗಿದರು. ದೆವ್ವ ಮೆಟ್ಟಿದೆ ಎಂದರು, ಅಂತರಘಟ್ಟಮ್ಮನೇ ಮೈಮೇಲೆ ಬಂದಿದ್ದಾಳೆ ಎಂದರು. ಕೆಲವರು ನನಗೆ ಕೈಮುಗಿದರು ಕೂಡ. ನಿವೃತ್ತ ಅಮಲ್ದಾರರು ಚಪ್ಪರದಿಂದ ಇಳಿದು ಬಂದು, "ಹೆಂಗಸರನ್ನ ಇಂಥ ಕಡೆ ಕರ್ಕೊಂಡ್ ಬಂದಿದ್ದೇ ತಪ್ಪು ಕಣ್ರೀ" ಎಂದು ಗಂಡಸರಿಗೆಲ್ಲ ಹೇಳಿದರು. ಓವರ್‌ಸಿಯರ್ ಜನರ ಹಿಂದೆ ನಿಂತು ಬೂಟಿನ ತುದಿಯನ್ನೇ ನೋಡುತ್ತಿದ್ದರು. ನನ್ನ ಗಂಡ ಬಂದು, ಎಲ್ಲರಿಗೂ ಕೇಳಿಸುವಂತೆ ನನ್ನನ್ನು ಬೈದರು. ಮನೆಹಾಳಿ ಎಂದರು, ಹುಚ್ಚಿ ಎಂದರು. ಇನ್ನೂ ಏನೇನೋ ಅಂದರು. ಬೈಯುತ್ತ ಬೈಯುತ್ತ ಟೋಪಿಯ ಪಟ್ಟಿಯನ್ನು ಬಿಚ್ಚಿದರು. ಈ ಸಲ ಒಂದೇ ಎಳೆತಕ್ಕೆ ಬಂತು.

ಸಂಜೆಯ ಹೊತ್ತಿಗೆ ಅಣ್ಣನ ಮನೆಯಲ್ಲಿ ಅವರು ರೊಟ್ಟಿ, ಎಣಗಾಯಿ ಪಲ್ಯ ಹಾಕಿಸಿಕೊಂಡು ಹಾಕಿಸಿಕೊಂಡು ಉಂಡರು. ಅಷ್ಟು ಉಂಡದ್ದನ್ನು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ. ಉಳಿದವರು ಜಗಲಿಗೆ ಹೋದ ಮೇಲೆ, ತಲೆಯೆತ್ತದೆ ಕೇಳಿದರು:

"ಯಾರ್ ಹೇಳಿದ್ರು ನಿಂಗೆ?"

"ಯಾರೋ. ನಿಮಗೆ ಗೊತ್ತಿತ್ತಲ್ಲ, ಮತ್ಯಾಕ್ ಹತ್ತಕ್ಕೆ ಹೊರಟ್ರಿ?"

ಎಲೆಯಲ್ಲಿ ಪಲ್ಯವನ್ನು ಸ್ವಲ್ಪ ಹೊತ್ತು ಆಚೀಚೆ ಮಾಡಿದರು. "ಅಷ್ಟ್ ಜನ ಬಂದಿದ್ರಲ್ಲೇ" ಎಂದರು.

ಅಷ್ಟು ಜನ ಬಂದಿದ್ದರಂತೆ! ಬೋಂಡ ತಿನ್ನಲು ಬಂದವರ ಎದುರು ನಾಚಿಕೆಯಾಗುತ್ತದೆಂದು ಸಾಯಲು ಹೊರಟಿದ್ದರು. ಸಂಕ್ರಾಂತಿಯಿಂದ ಅಲ್ಲಿಯವರೆಗೆ ಆ ಭಯವನ್ನು ಒಬ್ಬರೇ ಇಟ್ಟುಕೊಂಡು, ಉಜ್ಜಿದ್ದನ್ನೇ ಉಜ್ಜುತ್ತ, ನನ್ನ ಹತ್ತಿರವೂ ಒಂದು ಮಾತು ಆಡದೆ ಕಳೆದಿದ್ದರು. ಅವರನ್ನು ಬೈಯಬೇಕೆಂದು ಬಾಯಿ ತೆರೆದವಳು ಅಳಲು ಶುರು ಮಾಡಿದೆ. ಅವರು ಎಡಗೈಯಿಂದ ನನ್ನ ಬೆರಳು ಹಿಡಿದುಕೊಂಡರು. ಸೂಜಿ ಸೀಳಿದ ಗುರುತು ಇನ್ನೂ ಇತ್ತು. ಜಗಲಿಯಿಂದ ಯಾರೋ ಕೆಮ್ಮಿದ ಕೂಡಲೇ ಕೈ ಬಿಟ್ಟು, "ನೀರ್ ಹಾಕೇ" ಎಂದು ಗದರಿದರು.

ವಿಮಾನವನ್ನು ಗಾಡಿಗಳಲ್ಲಿ ಕಡೂರಿಗೆ ವಾಪಸು ತಂದರು. ಮತ್ತೆ ಬಟ್ಟೆ ಹೊಲಿ ಎಂದು ಅವರೂ ಕೇಳಲಿಲ್ಲ, ನಾನೂ ಹೊಲಿಯಲಿಲ್ಲ. ಅಮಲ್ದಾರರು ನಮ್ಮ ಮನೆಯ ಕಡೆ ಸುಳಿಯುವುದನ್ನು ಬಿಟ್ಟರು, ಕಾಫಿಪುಡಿ ಉಳಿಯಿತು. ಓವರ್‌ಸಿಯರ್ ಒಂದು ಸಲ ಬಂದು, "ಅತ್ತಿಗೆ, ನಿಮ್ಮ ಧೈರ್ಯ ದೊಡ್ಡದು" ಎಂದರು. ಅವರಿಗೆ ನಾನು ನೀರನ್ನೂ ಕೊಡಲಿಲ್ಲ.

ವರ್ಷಗಳು ಕಳೆದ ಮೇಲೆ ತರೀಕೆರೆಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಗಂಡ ಸುತ್ತಲಿದ್ದ ಗಂಡಸರಿಗೆ ಕೈಯಾಡಿಸಿ ಹೇಳುತ್ತಿದ್ದರು: "ಎಲ್ಲಾ ಸರಿಯಾಗಿತ್ತು ಕಣ್ರೀ. ಎಂಜಿನ್ ಸರಿ, ಗಾಳಿ ಸರಿ. ಅವತ್ತು ಇವಳೊಬ್ಬಳು ಅಡ್ಡ ಬರದೆ ಇದ್ದಿದ್ರೆ ಬಾಬಾಬುಡನ್‌ಗಿರಿ ದಾಟ್ಬಿಡ್ತಿದ್ದೆ." ಪಂಕ್ತಿಯವರೆಲ್ಲ ತಿರುಗಿ, ಬಡಿಸುತ್ತಿದ್ದ ನನ್ನನ್ನು ನೋಡಿದರು. ಒಬ್ಬ ಮುದುಕರು ತಲೆಯಾಡಿಸಿ ಲೊಚಗುಟ್ಟಿದರು.

ನಾನು ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ತುಪ್ಪ ಬಿಟ್ಟು, ಮುಂದಿನ ಎಲೆಗೆ ಹೋದೆ.